ಒಂದೇ ಪ್ಯಾಕೆಟಿನ ಟೊಮೆಟೊ ಬೀಜ, 12 ಗಿಡಗಳಲ್ಲಿ 5 ಮಾತ್ರ ಬೆಳೆಯುತ್ತಿಲ್ಲ. ಕೀಳಬೇಕಾ?

ಮೈಸೂರು ತಾರಸಿ
ಡಿಸೆಂಬರ್ 21

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆ ತಾರಸಿ ಮೇಲೆ ಆರು ವರ್ಷದಿಂದ ಸೊಪ್ಪು, ಬದನೆ, ಮೆಣಸಿನಕಾಯಿ ಬೆಳೆಯುತ್ತಿದ್ದೇನೆ. ಟೊಮೆಟೊ ಇಷ್ಟೊಂದು ಹಾಕಿದ್ದು ಇದೇ ಮೊದಲು.

ನವೆಂಬರ್ 2ಕ್ಕೆ ಅರ್ಕಾ ವಿಕಾಸ್ ಬೀಜವನ್ನು ಟ್ರೇಗೆ ಹಾಕಿದೆ. ಒಂದೇ ಪ್ಯಾಕೆಟ್, ಒಂದೇ ದಿನ. ಆರೇಳು ದಿನಕ್ಕೆ ಹೆಚ್ಚು ಕಡಿಮೆ ಎಲ್ಲವೂ ಮೊಳೆತವು. 28ನೇ ತಾರೀಖು ಚೆನ್ನಾಗಿದ್ದ 12 ಸಸಿ ಆರಿಸಿ, 12 ಗ್ರೋ ಬ್ಯಾಗಿಗೆ ನಾಟಿ ಮಾಡಿದೆ. ಆಗ ಎಲ್ಲವೂ ಅರ್ಧ ಗೇಣು ಎತ್ತರ ಇದ್ದವು. ಒಂದನ್ನು ನೋಡಿದರೆ ಇನ್ನೊಂದನ್ನು ನೋಡುವುದೇ ಬೇಡ, ಹಾಗಿದ್ದವು.

ಇವತ್ತಿಗೆ 23 ದಿನ. 7 ಗಿಡ ಒಂದೂವರೆ ಅಡಿ ಆಗಿವೆ, ಎರಡರಲ್ಲಿ ಮೊಗ್ಗು ಕಾಣುತ್ತಿದೆ. ಉಳಿದ 5 ನಾಟಿ ಮಾಡಿದ ದಿನ ಹೇಗಿದ್ದವೋ ಹಾಗೇ ನಿಂತಿವೆ. ಎರಡು ಹೊಸ ಎಲೆ ಬಿಟ್ಟಿರಬಹುದು ಅಷ್ಟೆ. ನೀರು ಎಲ್ಲಕ್ಕೂ ಒಂದೇ ಮಗ್ಗಿನಲ್ಲಿ, ಒಂದೇ ಹೊತ್ತಿನಲ್ಲಿ ಹಾಕುತ್ತೇನೆ.

"ಕಿತ್ತು ಬೇರೆ ಹಾಕು, ಸುಮ್ನೆ ಜಾಗ ದಂಡ" ಅಂತಾರೆ ನಮ್ಮತ್ತೆ. ಆದರೆ ಗಿಡ ಬಾಡಿಲ್ಲ, ಜೀವ ಇದೆ. ದಿನಾ ಬೆಳಗ್ಗೆ ಮೊದಲು ಆ ಐದನ್ನೇ ನೋಡಲು ಹೋಗುತ್ತೇನೆ. ಕೀಳಲು ಕೈ ಬರುತ್ತಿಲ್ಲ. ಏನು ಮಾಡಲಿ?

ಬಸವನಗುಡಿ ಕೈತೋಟ
ಡಿಸೆಂಬರ್ 21

ಆ ಐದು ಗಿಡ ಎಲ್ಲಿವೆ? ದಕ್ಷಿಣದ ಪ್ಯಾರಾಪೆಟ್ ಪಕ್ಕ ಇದ್ದರೆ ಅದೇ ಕಾರಣ ಇರಬಹುದು. ಈಗ ಸೂರ್ಯ ದಕ್ಷಿಣಕ್ಕೆ ವಾಲಿದ್ದಾನೆ. ನಮ್ಮ ಕಡೆ ನಡುಮಧ್ಯಾಹ್ನಕ್ಕೂ ಸುಮಾರು 54 ಡಿಗ್ರಿ ಎತ್ತರದಲ್ಲೇ ದಾಟಿ ಹೋಗುತ್ತಾನೆ, ನೆತ್ತಿ ಮೇಲೆ ಬರುವುದಿಲ್ಲ. 3 ಅಡಿ ಗೋಡೆ ಇದ್ದರೆ ಆ ಹೊತ್ತಿನಲ್ಲೂ 2 ಅಡಿಗಿಂತ ಜಾಸ್ತಿ ನೆರಳು. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಏಪ್ರಿಲ್‌ನಲ್ಲಿ ಉರಿಬಿಸಿಲು ಬೀಳುವ ಜಾಗವೇ ಡಿಸೆಂಬರ್‌ನಲ್ಲಿ ನೆರಳಾಗಿರುತ್ತದೆ. ಒಂದು ದಿನ 9, 12, 3 ಗಂಟೆಗೆ ಸೀಮೆಸುಣ್ಣದಲ್ಲಿ ನೆರಳಿನ ಗೆರೆ ಎಳೆದು ನೋಡಿ.

ಕೋಲಾರ ತೋಟ
ಡಿಸೆಂಬರ್ 22

ಅಮ್ಮ, ಈಗಲೇ ಕೀಳಬೇಡಿ. ಮೊದಲು ಸುಳಿ ನೋಡಿ. ಹೊಸ ಎಲೆ ಮೇಲಕ್ಕೆ ಮುದುರಿ, ಅಂಚು ಹಳದಿಯಾಗಿ, ಗಿಡ ಕುಗ್ಗಿ ಪೊದೆಯಂತೆ ಇದ್ದರೆ ಅದು ಎಲೆ ಮುಟುರು ರೋಗ. ಬಿಳಿನೊಣ ಹರಡುವ ವೈರಸ್ಸು ಅದು, ವಾಸಿಯಾಗುವುದಿಲ್ಲ. ಆಗ ಕಿತ್ತು ತಾರಸಿಯಿಂದಲೇ ಆಚೆ ಹಾಕಬೇಕು, ಇಲ್ಲದಿದ್ದರೆ ಒಳ್ಳೆ ಗಿಡಕ್ಕೂ ಬರುತ್ತದೆ. ಎಲೆ ಚಪ್ಪಟೆಯಾಗಿ, ಸಣ್ಣದಾಗಿ, ಮಂಕಾಗಿದ್ದರೆ ತೊಂದರೆ ಬೇರಿನ ಹತ್ತಿರ ಇದೆ ಅಂತ ಲೆಕ್ಕ.

ನಾವು ಎಕರೆಗಟ್ಟಲೆ ಹಾಕುವವರು, ಸೊರಗಿದ ಒಂದೊಂದೇ ಸಸಿಯನ್ನು ನೋಡುತ್ತಾ ಕೂರಲು ಆಗುವುದಿಲ್ಲ. ನಿಮ್ಮದು 12 ಗಿಡ, ನೋಡಬಹುದು. ಐದರಲ್ಲಿ ಒಂದನ್ನು ಮಣ್ಣಿನ ಗಡ್ಡೆ ಸಮೇತ ಎತ್ತಿ ಬೇರು ಹೇಗಿದೆ ಹೇಳಿ.

ಮೈಸೂರು ತಾರಸಿ
ಡಿಸೆಂಬರ್ 23

ಇಬ್ಬರಿಗೂ ಧನ್ಯವಾದ. ಗೆರೆ ಎಳೆದು ನೋಡಿದೆ. ಐದರಲ್ಲಿ 3 ಗಿಡ ದಕ್ಷಿಣದ ಗೋಡೆ ನೆರಳಲ್ಲೇ ಇವೆ, ಇಷ್ಟು ವರ್ಷ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಆದರೆ ಇನ್ನೆರಡು ತಾರಸಿ ನಡುವೆ ಪೂರ್ತಿ ಬಿಸಿಲಿನಲ್ಲಿವೆ. ಅವೂ ಅಷ್ಟೇ ಕುಳ್ಳು.

ಎಲೆ ಮುದುರಿಲ್ಲ. ಚಪ್ಪಟೆ, ಮಂಕು ಹಸಿರು, ಅಡಿಭಾಗ ನೇರಳೆ. ಬಿಸಿಲಿನಲ್ಲಿದ್ದ ಒಂದನ್ನು ಎತ್ತಿದೆ. ಬೇರು ಟ್ರೇಯಲ್ಲಿದ್ದ ಆ ಸಣ್ಣ ಗಡ್ಡೆ ದಾಟಿ ಹೊರಗೇ ಹೋಗಿಲ್ಲ! ತುದಿಗಳು ಕಂದು. ಬ್ಯಾಗಿನ ಮಣ್ಣಿನೊಳಗೆ ಹುಲ್ಲಿನ ಎಳೆ ಹಾಗೇ ಇತ್ತು, ಮೂಗಿಗೆ ಹತ್ತಿರ ಹಿಡಿದರೆ ಖಾರವಾದ ವಾಸನೆ.

ಆಗ ನೆನಪಾಯಿತು. ನನ್ನ ಹತ್ತಿರ ಇದ್ದ ಹಳೆಯ ಕೊಟ್ಟಿಗೆ ಗೊಬ್ಬರ 7 ಬ್ಯಾಗಿಗೆ ಮುಗಿದಿತ್ತು. ಉಳಿದ ಐದಕ್ಕೆ ಬೇರೆ ಕಡೆಯಿಂದ ಒಂದು ಮೂಟೆ ತರಿಸಿದ್ದೆ. ಎರಡೂ ಕೊಟ್ಟಿಗೆ ಗೊಬ್ಬರವೇ ಅಲ್ವಾ ಅಂತ ಮೊದಲು ಬರೆಯುವಾಗ ಆ ವಿಷಯ ಹೇಳಬೇಕು ಅಂತಲೂ ಅನಿಸಲಿಲ್ಲ. ಗಿಡಗಳ ಬಗ್ಗೆ ಬೇಸರವಾಗಿದೆ. ಇಷ್ಟು ದಿನ ಅವನ್ನು ಆ ಮಣ್ಣಿನಲ್ಲೇ ಇಟ್ಟಿದ್ದೆ.

ಶಿರಸಿ ಹಿತ್ತಲು
ಡಿಸೆಂಬರ್ 23

ಪೂರ್ತಿ ಕಳಿಯದ ಗೊಬ್ಬರ ಇರಬೇಕು. ಅದು ಬ್ಯಾಗಿನೊಳಗೇ ಕೊಳೆಯುತ್ತಿದೆ. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ತೆಗೆದುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. ಆ ಖಾರದ ವಾಸನೆ ಅಮೋನಿಯಾದ್ದು, ಎಳೆ ಬೇರನ್ನು ಸುಡುತ್ತದೆ. ಬೇರು ಹರಡದಿದ್ದರೆ ರಂಜಕವೂ ಸಿಗುವುದಿಲ್ಲ, ನೇರಳೆ ಬಣ್ಣ ಅದಕ್ಕೇ ಬಂದಿರಬಹುದು. ರಾತ್ರಿಯ ಚಳಿಯೂ ಸೇರಿರುತ್ತದೆ.

ಖಾತ್ರಿ ಮಾಡಿಕೊಳ್ಳಲು ನಾನು ಮಾಡುವುದು ಇಷ್ಟು. ಎರಡು ಪ್ಲಾಸ್ಟಿಕ್ ಲೋಟಕ್ಕೆ ತಳದಲ್ಲಿ ತೂತು ಮಾಡಿ, ಒಂದಕ್ಕೆ ಒಳ್ಳೆ ಬ್ಯಾಗಿನ ಮಣ್ಣು, ಇನ್ನೊಂದಕ್ಕೆ ಕೆಟ್ಟದ್ದು ತುಂಬಿ. ಎರಡಕ್ಕೂ ಹತ್ತತ್ತು ಹೆಸರುಕಾಳು ಹಾಕಿ. ನಾಲ್ಕೈದು ದಿನದಲ್ಲಿ ಕಾಳೇ ಹೇಳುತ್ತದೆ. ಈಗ ಬೆಳೆಯಲಿ ಅಂತ ಮೇಲಿಂದ ಯೂರಿಯಾ ಮಾತ್ರ ಹಾಕಬೇಡಿ.

ಕಾಳು ಕೈಕೊಟ್ಟರೆ ಮಣ್ಣು ಬದಲಿಸಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟನ್ನು ಎರಡು ಮೂರು ನೀರಲ್ಲಿ ತೊಳೆಯಿರಿ, ಅದರಲ್ಲಿ ಉಪ್ಪಿರುತ್ತದೆ. ಸಂಜೆ ಹೊತ್ತು ಗಿಡ ಎತ್ತಿ, ಬೇರಿಗೆ ಅಂಟಿದ ಮಣ್ಣನ್ನು ಬಕೆಟ್ ನೀರಿನಲ್ಲಿ ಮೆಲ್ಲಗೆ ಬಿಡಿಸಿ. ಕೆಳಗಿನ ಎರಡು ಎಲೆ ಚಿವುಟಿ, ಕಾಂಡದ ಅರ್ಧ ಮುಚ್ಚುವಷ್ಟು ಆಳ ನೆಡಿ. ಟೊಮೆಟೊ ಕಾಂಡಕ್ಕೆ ಮಣ್ಣು ತಾಗಿದ ಕಡೆಯೆಲ್ಲ ಬೇರು ಬರುತ್ತದೆ. ಬದನೆಗೆ, ಮೆಣಸಿಗೆ ಇಷ್ಟು ಧೈರ್ಯ ಮಾಡುವುದಿಲ್ಲ ನಾನು, ಟೊಮೆಟೊಗೆ ಮಾಡುತ್ತೇನೆ.

ಮೈಸೂರು ತಾರಸಿ
ಜನವರಿ 21

ಎಲ್ಲರೂ ಇಷ್ಟು ಬಿಡಿಸಿ ಹೇಳಿದ್ದೀರಿ, ಏನಾಯಿತು ಅಂತ ತಿಳಿಸಬೇಕು ಅಲ್ವಾ.

ಒಳ್ಳೆ ಮಣ್ಣಿನ ಲೋಟದಲ್ಲಿ 9 ಹೆಸರುಕಾಳು ಹುಟ್ಟಿ ನೆಟ್ಟಗೆ ನಿಂತವು. ಇನ್ನೊಂದರಲ್ಲಿ ಹುಟ್ಟಿದ್ದು 4. ಕಿತ್ತು ನೋಡಿದರೆ ಬೇರಿನ ತುದಿ ಟೊಮೆಟೊದ್ದರಂತೆಯೇ ಕಂದು. ಅತ್ತೆಯನ್ನೂ ಕರೆದು ತೋರಿಸಿದೆ. ಅವರು ಎರಡೂ ಲೋಟ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೆಮ್ಮಣ್ಣು ಜರಡಿ ಹಿಡಿಯಲು ಅವರೇ ಕೂತರು.

29ರ ಸಂಜೆ ಐದನ್ನೂ ಬದಲಿಸಿದೆವು. ಮೂರು ದಿನ ಹಳೆ ಸೀರೆ ಕಟ್ಟಿ ನೆರಳು ಮಾಡಿದೆ. ಗೋಡೆ ಪಕ್ಕದ ಒಂದು ಗಿಡ ನಾಲ್ಕನೇ ದಿನ ಹೋಯಿತು. ಬಹುಶಃ ಬೇರು ತೊಳೆಯುವಾಗ ನನ್ನ ಕೈ ಜೋರಾಯಿತು. ಉಳಿದ ನಾಲ್ಕು ಒಂದು ವಾರ ಸುಮ್ಮನಿದ್ದವು. ಆಮೇಲೆ ಸುಳಿ ತಿಳಿಹಸಿರಾಯಿತು. ಈಗ ಬಿಸಿಲಿನವು ಎರಡೂ ಒಂದು ಅಡಿ ದಾಟಿವೆ. ಗೋಡೆ ಪಕ್ಕದವನ್ನು ಮೂರು ಅಡಿ ಮುಂದಕ್ಕೆ ಎಳೆದಿಟ್ಟಿದ್ದು ಮೊನ್ನೆಯಷ್ಟೇ, ಅವು ಇನ್ನೂ ಮುಕ್ಕಾಲು ಅಡಿ. ಬಸವನಗುಡಿಯವರು ಹೇಳಿದ್ದೂ ನಿಜವೇ ಆಯಿತು.

ಆ ಗೊಬ್ಬರವನ್ನು ಎಸೆಯಲಿಲ್ಲ. ಒಣ ಎಲೆ ಜೊತೆ ಡ್ರಮ್ಮಿಗೆ ಹಾಕಿ, 15 ದಿನಕ್ಕೊಮ್ಮೆ ತಿರುವುತ್ತಿದ್ದೇನೆ. ಬಳಸುವ ಮೊದಲು ಮತ್ತೆ ಹೆಸರುಕಾಳು ಹಾಕಿ ನೋಡುತ್ತೇನೆ.

ಮೊದಲಿನ ಏಳು ಗಿಡಗಳಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ ಕಾಯಿ ಇವೆ. ಒಂದರ ಕೊಂಬೆ ಭಾರಕ್ಕೆ ವಾಲಿತ್ತು, ಇವತ್ತು ಬೆಳಗ್ಗೆ ಅತ್ತೆ ಕೋಲು ಕೊಟ್ಟು ಕಟ್ಟಿದರು. ಕುಳ್ಳಗಿನ ನಾಲ್ಕಕ್ಕೂ ಈಗಲೇ ಒಂದೊಂದು ಕೋಲು ನೆಟ್ಟಿದ್ದಾರೆ.