11 ವರ್ಷದ ಪರ್ಷಿಯನ್ ಬೆಕ್ಕು: ಬ್ರಷ್ ಸೊಂಟ ದಾಟಿದರೆ ಕಚ್ಚುತ್ತಾಳೆ, ಕೂದಲು ಬೇರೆ ಗಂಟು ಕಟ್ಟಿದೆ

ಮೃದುಪಾದ:
ನಮ್ಮ ಮಲ್ಲಿ ಚಿಕ್ಕಂದಿನಿಂದಲೂ ಬ್ರಷ್ ಕಂಡರೆ ತಾನೇ ಬಂದು ಬೆನ್ನು ಕೊಡುತ್ತಿದ್ದವಳು. ಈಚೆಗೆ ತಲೆ, ಕತ್ತು, ಎದೆ ಬಾಚುವವರೆಗೂ ಗುರುಗುಟ್ಟುತ್ತಾ ಮಲಗಿರುತ್ತಾಳೆ, ಬ್ರಷ್ ಸೊಂಟ ದಾಟಿದ್ದೇ ತಡ, ತಿರುಗಿ ಕೈ ಕಚ್ಚುತ್ತಾಳೆ. ಬಾಲದ ಬುಡದ ಹತ್ತಿರ ಮತ್ತು ಹಿಂಗಾಲಿನ ಹೊರಬದಿಯಲ್ಲಿ ಗಂಟುಗಳು ಕೈಗೆ ಸಿಗುತ್ತಿವೆ. ಸ್ಲಿಕರ್ ಬ್ರಷ್ (ಬಾಗಿದ ಸಣ್ಣ ತಂತಿ ಹಲ್ಲಿನದು) ದಿನಾ ಹಾಕುತ್ತೇನೆ, ಮೇಲಿಂದ ನೋಡಿದರೆ ಕೂದಲು ನಯವಾಗಿಯೇ ಇದೆ. ಬಾಚುವಾಗ ಸಣ್ಣ ಕಪ್ಪು ಕಣಗಳೂ ಉದುರುತ್ತವೆ. ಬ್ರಷ್ ಬದಲಾಯಿಸಬೇಕಾ? ಗಂಟನ್ನು ಕತ್ತರಿಸಿ ತೆಗೆದುಬಿಡಲಾ?

ಒಳಗೂದಲು:
ದಯವಿಟ್ಟು ಕತ್ತರಿ ಬೇಡ. ಬೆಕ್ಕಿನ ಚರ್ಮ ತೀರಾ ತೆಳು, ಸಡಿಲ ಕೂಡ. ಗಂಟು ಹಿಡಿದು ಎತ್ತಿದರೆ ಚರ್ಮವೂ ಗುಡಾರದ ಹಾಗೆ ಜೊತೆಗೇ ಏಳುತ್ತದೆ. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ಕಚಕ್‌ಗೆ ಹೊಲಿಗೆ ಹಾಕಿಸುವಷ್ಟು ಗಾಯವಾಗುತ್ತದೆ.

ನನಗೆ ಬ್ರಷ್‌ಗಿಂತ ಗಂಟು ಇರುವ ಜಾಗದ ಬಗ್ಗೆ ಹೆಚ್ಚು ಯೋಚನೆ. ಉಜ್ಜಾಟದಿಂದ ಆಗುವ ಗಂಟುಗಳು ಸಾಮಾನ್ಯವಾಗಿ ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಮೇಲೆ, ಕೊರಳಪಟ್ಟಿಯ ಕೆಳಗೆ ಬರುತ್ತವೆ. ಮಲ್ಲಿಗೆ ಆಗಿರುವುದು ಮೈ ತಿರುಚಿ ನೆಕ್ಕಿಕೊಳ್ಳಬೇಕಾದ ಕಡೆ. ವಯಸ್ಸಾದ ಬೆಕ್ಕು ಅಲ್ಲಿ ನೆಕ್ಕುವುದನ್ನು ಬಿಟ್ಟಿದೆ ಅಂದರೆ ಒಂದೋ ಮೈ ಬಂದು ನಾಲಿಗೆ ಎಟುಕುತ್ತಿಲ್ಲ, ಇಲ್ಲವೇ ಸೊಂಟ, ಬೆನ್ನು ನೋಯುತ್ತಿದೆ. ಎರಡು ವಿಷಯ ಹೇಳಿ: ಮೊದಲಿನ ಹಾಗೆ ಹಾರುತ್ತಾಳಾ? ಉಗುರು ಹೇಗಿವೆ?

ಕಪ್ಪು ಕಣಗಳನ್ನು ಒದ್ದೆ ಹತ್ತಿಯ ಮೇಲೆ ಇಟ್ಟು ಸ್ವಲ್ಪ ಹೊತ್ತು ಬಿಡಿ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಹಾಗಿದ್ದರೂ ನಾಯಿಗಳ ಚಿಗಟದ ಔಷಧಿ ಮಾತ್ರ ಹಚ್ಚಬೇಡಿ. ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿಗೆ ಅದು ವಿಷ.

ಬೂದಿಬಾಲ:
ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ ನೋಡಿ, ಗಂಟು ಮೆತ್ತಗಾಗಿ ಬಿಡಿಸೋಕೆ ಸುಲಭ ಆಗಬಹುದು.

ಒಳಗೂದಲು:
ಇಲ್ಲ ಬೂದಿಬಾಲ ಅವರೇ, ಆಗುವುದು ಉಲ್ಟಾ. ಗಂಟು ನೀರು ಕುಡಿದು ಒಣಗುವಾಗ ಇನ್ನೂ ಬಿಗಿಯಾಗುತ್ತದೆ, ಅಡಿಯಲ್ಲಿ ತೇವ ಉಳಿದು ಚರ್ಮ ಕೆಡುತ್ತದೆ. ಗಂಟು ಪೂರ್ತಿ ಹೋದ ಮೇಲೆಯೇ ಸ್ನಾನ.

ಮೃದುಪಾದ:
ಹತ್ತಿ ಪರೀಕ್ಷೆ ಮಾಡಿದೆ, ಬಣ್ಣ ಬಿಡಲಿಲ್ಲ, ಬರೀ ಕೊಳೆ. ಹಾರುವ ವಿಷಯ ನೀವು ಕೇಳಿದ ಮೇಲೆ ಗಮನಿಸಿದೆ. ಮಂಚಕ್ಕೆ ನೇರ ಹಾರುತ್ತಿದ್ದವಳು ಈಗ ಮೊದಲು ಸ್ಟೂಲ್ ಹತ್ತಿ ಅಲ್ಲಿಂದ ಹೋಗುತ್ತಾಳೆ. ಇಳಿಯುವಾಗ ಅಂಚಿನಲ್ಲಿ ನಿಂತು ಎರಡೆರಡು ಸಲ ಕೆಳಗೆ ನೋಡುತ್ತಾಳೆ. ನಡೆದರೆ ನೆಲದ ಮೇಲೆ ಉಗುರಿನ ಟಕ್ ಟಕ್ ಸದ್ದು. ಮನೆಯಲ್ಲಿರೋ ನೋವಿನ ಮಾತ್ರೆ ಒಂದು ಚೂರು ಕೊಡಬಹುದಾ?

ಒಳಗೂದಲು:
ಖಂಡಿತ ಬೇಡ! ಪ್ಯಾರಾಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಮನುಷ್ಯರ ಯಾವ ನೋವಿನ ಮಾತ್ರೆಯನ್ನೂ ನಾವಾಗಿ ಕೊಡುವಂತಿಲ್ಲ.

ನೀವು ಹೇಳಿದ ಲಕ್ಷಣಗಳು, ಕೆರೆದು ಸವೆಸದೆ ಉಗುರು ಉದ್ದವಾಗಿರುವುದೂ ಸೇರಿ, ಸಂಧಿವಾತದ ಕಡೆ ಬೆರಳು ತೋರಿಸುತ್ತಿವೆ. ಪಶುವೈದ್ಯರಿಗೆ ತೋರಿಸಿ, ಹಾರುವ ಇಳಿಯುವ ವಿಡಿಯೊ ಮಾಡಿಕೊಂಡು ಹೋಗಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡಿ ಕೂತ ಬೆಕ್ಕಿನಲ್ಲಿ ಕುಂಟು ಕಾಣುವುದಿಲ್ಲ. ಚರ್ಮಕ್ಕೆ ಅಂಟಿದ ಗಂಟುಗಳನ್ನು ಅಲ್ಲೇ ಕೂದಲು ಬೋಳಿಸುವ ಕ್ಲಿಪ್ಪರ್‌ನಿಂದ ತೆಗೆಸಿ, ಬೇಕಾದರೆ ಮಂಪರು ಕೊಟ್ಟು ಮಾಡುತ್ತಾರೆ.

ಬೆರಳಿಗೆ ಸಡಿಲ ಸಿಗುವ ಸಣ್ಣ ಸಿಕ್ಕನ್ನು ಮಾತ್ರ ಮನೆಯಲ್ಲಿ ಬಿಡಿಸಿ. ಗಂಟಿನ ಬುಡವನ್ನು, ಅಂದರೆ ಚರ್ಮಕ್ಕೂ ಗಂಟಿಗೂ ನಡುವಿನ ಕೂದಲನ್ನು, ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಆಗ ಎಳೆತ ನಿಮ್ಮ ಬೆರಳಿಗೆ ಬೀಳುತ್ತದೆ, ಅವಳ ಚರ್ಮಕ್ಕಲ್ಲ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ತುದಿಯಿಂದ ಶುರು ಮಾಡಿ, ಎಳೆ ಎಳೆಯಾಗಿ ಬುಡದ ಕಡೆ ಬನ್ನಿ. ಎಣ್ಣೆ ಬೇಡ, ಅವಳು ನೆಕ್ಕುತ್ತಾಳೆ. ಟೀ ಟ್ರೀ ಎಣ್ಣೆಯಂಥವು ಬೆಕ್ಕಿಗೆ ವಿಷವೂ ಹೌದು.

ಬ್ರಷ್ ಬಗ್ಗೆ ಕೇಳಿದ್ದಿರಿ. ಸ್ಲಿಕರ್ ತಪ್ಪಲ್ಲ, ಆದರೆ ಉದ್ದ ಕೂದಲಿನಲ್ಲಿ ಅದು ಮೇಲ್ಪದರ ಸವರಿಕೊಂಡು ಹೋಗುತ್ತದೆ, ಗಂಟು ಕಟ್ಟುವುದು ಒಳಗೂದಲು. ಅದಕ್ಕೇ ಹೊರಗೆ ನಯವಾಗಿ ಕಂಡಿದ್ದು. ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ ತನ್ನಿ. ಬೈತಲೆ ತೆಗೆದ ಹಾಗೆ ಕೂದಲು ಸರಿಸಿ, ಚರ್ಮ ಕಂಡ ಗೆರೆಯಿಂದ ಹೊರಕ್ಕೆ ಬಾಚಿ, ಪಕ್ಕದ ಗೆರೆಗೆ ಹೋಗಿ. ಬಾಚಣಿಗೆ ಬುಡದಿಂದ ತುದಿಯವರೆಗೆ ಎಲ್ಲೂ ತಡೆಯದೆ ಬಂದರೆ ಮಾತ್ರ ಆ ಜಾಗ ಮುಗಿಯಿತು.

ಮೃದುಪಾದ:
ತೋರಿಸಿಕೊಂಡು ಬಂದೆವು. ಎಕ್ಸ್‌ರೇಯಲ್ಲಿ ಎರಡೂ ಸೊಂಟದ ಕೀಲು ಸವೆದಿರುವುದು ಕಂಡಿತು. ನೋವಿಗೆ ಬೆಕ್ಕಿನದೇ ಔಷಧಿ ಬರೆದಿದ್ದಾರೆ, ರಕ್ತಪರೀಕ್ಷೆಯೂ ಆಯಿತು. ಗಂಟು ಬೋಳಿಸಿದಾಗ ಅಡಿಯ ಚರ್ಮ ಕೆಂಪಗಿತ್ತು, ನೋಡಿ ಕರುಳು ಹಿಂಡಿದಂತಾಯಿತು. ಈಗ ಮತ್ತೆ ಬಾಚುವುದು ಯಾವಾಗ ಶುರು ಮಾಡಲಿ?

ಒಳಗೂದಲು:
ಚರ್ಮದ ಕೆಂಪು ಇಳಿಯುವವರೆಗೆ ಆ ಭಾಗ ಮುಟ್ಟಬೇಡಿ. ಮುಂಭಾಗ ಮಾತ್ರ ದಿನಾ ಬಾಚಿ, ಅವಳಿಗೆ ಇಷ್ಟವಾದ ಕೆನ್ನೆ, ಗಲ್ಲದಿಂದ ಶುರು ಮಾಡಿ. ಕೆಂಪು ಇಳಿದ ಮೇಲೆ ಸೊಂಟದ ಕಡೆ ಒಂದೆರಡು ಸಲ ಬಾಚಣಿಗೆ ಎಳೆದು, ತಿನ್ನಲು ಏನಾದರೂ ಕೊಟ್ಟು ಬಿಟ್ಟುಬಿಡಿ. ಬಾಲ ಪಟಪಟ ಬಡಿಯುವುದು, ಬೆನ್ನಿನ ಚರ್ಮ ಅಲೆಯಂತೆ ಅದುರುವುದು, ಕಿವಿ ಹಿಂದಕ್ಕೆ ವಾಲುವುದು, ಇದರಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ. ಕಚ್ಚುವ ಮೊದಲು ಅವಳು ಕೊಡುವ ಸೂಚನೆ ಅದು. ಅವಳನ್ನು ನಿಲ್ಲಿಸಿಕೊಂಡು ಬಾಚಬೇಡಿ, ಮೆತ್ತನೆಯ ಹಾಸಿನ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಾಗ ಬಾಚಿ, ಕಾಲು ಎಳೆಯದೆ.

ಬೂದಿಬಾಲ:
ಲಿಟರ್ ಟ್ರೇಯ (ಬೆಕ್ಕು ಮಲಮೂತ್ರ ಮಾಡುವ ತಟ್ಟೆಯ) ಅಂಚು ಎತ್ತರ ಇದ್ದರೆ ಅದನ್ನೂ ತಗ್ಗಿನದಕ್ಕೆ ಬದಲಾಯಿಸಿ. ನಮ್ಮ ಮುದಿ ಗಂಡುಬೆಕ್ಕಿಗೆ ಅದರಿಂದ ಬಹಳ ಅನುಕೂಲವಾಗಿದೆ.