ಸಹಾಯ ಬೇಕು: ಅಮ್ಮನ ಹಲ್ಲಿನ ಸೆಟ್ ಮುರಿದಿದೆ

ದಾವಣಗೆರೆಯವರಲ್ಲಿ ಒಂದು ಕೋರಿಕೆ. ಅಮೆರಿಕದಲ್ಲಿ ನಮ್ಮೊಂದಿಗಿರುವ ಅಮ್ಮನ ಹಲ್ಲಿನ ಸೆಟ್ ಕೈಜಾರಿ ಬಿದ್ದು ಎರಡು ಹೋಳಾಯಿತು. ಇಲ್ಲಿ ಹೊಸದಕ್ಕೆ ಕೇಳುವ ಹಣ ನಮ್ಮ ಶಕ್ತಿಗೆ ಮೀರಿದ್ದು. ಹಿರಿಯರ ಸರ್ಕಾರಿ ವಿಮೆಯಾದ ಮೂಲ ಮೆಡಿಕೇರ್ ಕೂಡ ಕೃತಕ ಹಲ್ಲಿನ ಖರ್ಚು ಕೊಡುವುದಿಲ್ಲ. ರೊಟ್ಟಿಯಿಲ್ಲದೆ ಊಟವೇ ಅಲ್ಲ ಎನ್ನುತ್ತಿದ್ದವರು ಮೂರು ವಾರದಿಂದ ಗಂಜಿ ಕುಡಿಯುತ್ತಿದ್ದಾರೆ. ಮಾತನಾಡುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ. ನೋಡಲಾಗುತ್ತಿಲ್ಲ.

ಮುಂದಿನ ತಿಂಗಳು ಮೂರು ವಾರದ ಮಟ್ಟಿಗೆ ಊರಿಗೆ ಬರುತ್ತೇವೆ. ಅಚ್ಚು ತೆಗೆಯುವುದು, ಮೇಣದಲ್ಲಿ ಹಲ್ಲು ಜೋಡಿಸಿ ನೋಡುವುದು, ಕೊನೆಗೆ ಒಸಡಿಗೆ ಒತ್ತುವ ಕಡೆ ಉಜ್ಜಿಸುವುದು ಎಂದು ನಾಲ್ಕೈದು ಸಲವಾದರೂ ಹೋಗಬೇಕಾಗುತ್ತದೆ. ಬಾಪೂಜಿ ದಂತ ಕಾಲೇಜಿನಲ್ಲಿ ಇತ್ತೀಚೆಗೆ ಪೂರ್ಣ ಸೆಟ್ ಮಾಡಿಸಿದವರು ಎಷ್ಟು ದಿನ ಹಿಡಿಯಿತು, ಒಟ್ಟು ಎಷ್ಟು ಖರ್ಚಾಯಿತು ಎಂದು ದಯವಿಟ್ಟು ತಿಳಿಸಿ. ಹಳೆಯ ಹೋಳುಗಳನ್ನೂ ತರುತ್ತಿದ್ದೇವೆ, ಅಂಟಿಸಲು ಹೋಗಿಲ್ಲ.