ಪೂಲ್ ಟ್ರಯಥ್ಲಾನ್ ಮೊದಲಾ, ಸಮುದ್ರದ್ದಾ? ಎರಡೂ ಮಾಡಿದವರು ಹೇಳಿ

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ)

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಬ್ಯಾಂಕಿನಲ್ಲಿ ಕೆಲಸ. ನಾಲ್ಕು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದೇನೆ, ಓಟವೂ ಪರವಾಗಿಲ್ಲ. ಈಜು ಕಲಿತದ್ದು ಮಾತ್ರ ಹೋದ ಬೇಸಿಗೆಯಲ್ಲಿ. ಈ ವರ್ಷ ಒಂದು ಸ್ಪ್ರಿಂಟ್ ಟ್ರಯಥ್ಲಾನ್ ಮಾಡುವ ಆಸೆ. ಅಂದರೆ ಒಂದರ ಹಿಂದೊಂದು 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಎರಡು ಕಡೆ ಅವಕಾಶ ಇದೆ. ಒಂದರಲ್ಲಿ ಈಜು ಪೂಲ್‌ನಲ್ಲಿ, ಇನ್ನೊಂದರಲ್ಲಿ ಸಮುದ್ರದಲ್ಲಿ. ಗೆಳತಿಯರು ಸಮುದ್ರದ್ದಕ್ಕೇ ಹೊರಟಿದ್ದಾರೆ. ನಮ್ಮ 25 ಮೀಟರ್ ಪೂಲ್‌ನಲ್ಲಿ ನನಗೆ 750 ಮೀಟರ್‌ಗೆ 24 ನಿಮಿಷ ಬೇಕು. ನಡುನಡುವೆ ಗೋಡೆ ಹಿಡಿದು ಸ್ವಲ್ಪ ನಿಲ್ಲುತ್ತೇನೆ. ಸಮುದ್ರದಲ್ಲಿ ಇಲ್ಲಿಯ ತನಕ ಮೊಣಕಾಲುದ್ದ ಇಳಿದದ್ದಷ್ಟೇ, ಅದೂ ಗೋಕರ್ಣಕ್ಕೆ ಹೋದಾಗ. ಯಾವುದಕ್ಕೆ ಹೆಸರು ಕೊಡಲಿ? ಪುಸ್ತಕದ ಮಾತು ಬೇಡ, ನಿಮಗೆ ಆದದ್ದು ಹೇಳಿ. ಮತ್ತೆ, ಉಣಕಲ್ ಕೆರೆಯಲ್ಲಿ ಪ್ರಾಕ್ಟೀಸ್ ಮಾಡಬಹುದಾ?

ಉತ್ತರ (ಧಾರವಾಡ, ಸಪ್ತಾಪುರ)

ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ. ಉಣಕಲ್ ಕೆರೆ ದಡದಲ್ಲಿ ವಾಕಿಂಗ್ ಮಾಡಿ, ಮಿರ್ಚಿ ತಿನ್ನಿ, ನೀರಿಗೆ ಮಾತ್ರ ಇಳಿಯಬೇಡಿ. ಚರಂಡಿ ನೀರು ಸೇರುವ ಕೆರೆ ಅದು. ಅಂತರಗಂಗೆ ಬಳ್ಳಿ ಕಾಲಿಗೆ ಸುತ್ತಿಕೊಂಡರೆ ಎಂಥ ಈಜುಗಾರನೂ ಗಾಬರಿ ಬೀಳ್ತಾನೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. 25 ಮೀಟರ್ ಪೂಲ್‌ನಲ್ಲಿ 750 ಮೀಟರ್ ಅಂದರೆ 30 ಸಲ ಆ ಕಡೆಯಿಂದ ಈ ಕಡೆಗೆ. ನಡುವೆ 29 ಸಲ ಗೋಡೆ ಸಿಗುತ್ತದೆ. ಪ್ರತಿ ಸಲ ಗೋಡೆ ಒದ್ದು ಮೂರ್ನಾಲ್ಕು ಮೀಟರ್ ಪುಕ್ಕಟೆ ಜಾರಿ ಹೋಗ್ತೀರಿ. ಹತ್ತಿರ ಹತ್ತಿರ 100 ಮೀಟರ್ ನೀವು ಈಜಿದ್ದೇ ಅಲ್ಲ, ಗೋಡೆ ತಳ್ಳಿದ್ದು. ಅದರ ಮೇಲೆ ನಿಂತು ಉಸಿರು ತಗೊಂಡದ್ದು ಬೇರೆ. ಸಮುದ್ರದಲ್ಲಿ ಗೋಡೆ ಇಲ್ಲ. ಪೂಲ್‌ಗೂ ಹೊರಗಿನ ನೀರಿಗೂ ಇರುವ ವ್ಯತ್ಯಾಸದಲ್ಲಿ ಮುಕ್ಕಾಲು ಭಾಗ ಇದೇ ಅನ್ನೋದು ನನ್ನ ಅಭಿಪ್ರಾಯ. ಅಲೆ, ಉಪ್ಪು, ಮೀನು ಎಲ್ಲ ಆಮೇಲೆ.

ನನ್ನ ಕಥೆ ಕೇಳಿ. ಪೂಲ್‌ನಲ್ಲಿ 750 ಮೀಟರ್ 17 ನಿಮಿಷಕ್ಕೆ ಮುಗಿಸುತ್ತಿದ್ದವನು ನಾನು. ಅದೇ ಜಂಬದಲ್ಲಿ ಮೊದಲ ಟ್ರಯಥ್ಲಾನ್‌ಗೆ ಸಮುದ್ರವನ್ನೇ ಆರಿಸಿಕೊಂಡೆ. ಸೀಟಿ ಊದಿದರು, ಎಲ್ಲರೂ ಒಟ್ಟಿಗೆ ನುಗ್ಗಿದೆವು. ಯಾರದೋ ಹಿಮ್ಮಡಿ ನನ್ನ ಗಾಗಲ್ಸ್‌ಗೆ ಬಡಿಯಿತು. ಸರಿಮಾಡಿಕೊಂಡು ತಲೆ ನೀರೊಳಗೆ ಹಾಕಿದರೆ ಕೆಳಗೆ ಏನೂ ಇಲ್ಲ. ಬರೀ ಹಸಿರು ಮಬ್ಬು. ಪೂಲ್‌ನ ತಳದ ಕಪ್ಪು ಗೆರೆಯನ್ನು ಎರಡು ವರ್ಷ ನೋಡಿ ನೋಡಿ ಬೇಸರ ಬಂದಿತ್ತು. ಅವತ್ತು ಅದೇ ಗೆರೆ ನೆನಪಾಗಿ ಅಳು ಬರೋದೊಂದು ಬಾಕಿ. ಎದೆ ಬಿಗಿಯಿತು. ಉಸಿರು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. 100 ಮೀಟರ್ ಕೂಡ ಆಗಿರಲಿಲ್ಲ.

ಅಂಗಾತ ತಿರುಗಿ ಮಲಗಿದೆ. ಕಯಾಕ್‌ನಲ್ಲಿದ್ದ ಹುಡುಗ ಹತ್ತಿರ ಬಂದು, "ಹಿಡ್ಕೊಳ್ಳಿ ಸರ್, ಔಟ್ ಆಗಲ್ಲ" ಅಂದ. ನನಗೆ ಆ ನಿಯಮವೇ ಗೊತ್ತಿರಲಿಲ್ಲ! ದೋಣಿಯನ್ನೋ ಬೋಯ್ ಅನ್ನೋ, ಅಂದರೆ ದಾರಿ ತೋರಿಸಲು ತೇಲಿಬಿಟ್ಟ ಬಲೂನನ್ನೋ, ಹಿಡಿದು ಸುಧಾರಿಸಿಕೊಳ್ಳಬಹುದು. ಅದರ ಸಹಾಯದಿಂದ ಮುಂದಕ್ಕೆ ಹೋಗಬಾರದು, ಅಷ್ಟೇ. ಫ್ರೀಸ್ಟೈಲೇ ಆಗಬೇಕು ಅಂತಲೂ ಇಲ್ಲ, ಬ್ರೆಸ್ಟ್ ಸ್ಟ್ರೋಕ್ ಹೊಡೆದರೂ ನಡೆಯುತ್ತದೆ. ಒಂದು ನಿಮಿಷ ದೋಣಿ ಹಿಡಿದಿದ್ದೆ. ಆಮೇಲೆ ಹೊರಟು 25 ನಿಮಿಷಕ್ಕೆ ದಡ ಮುಟ್ಟಿದೆ. ವಾಚ್ ನೋಡಿದರೆ 750 ಹೋಗಿ 900 ಚಿಲ್ಲರೆ ಮೀಟರ್ ಆಗಿತ್ತು. ಹಾವಿನ ಹಾಗೆ ವಕ್ರವಕ್ರ ಈಜಿದ್ದೆ.

ಅದಕ್ಕೆ ಕಾರಣ ಸೂರ್ಯ. ನಮ್ಮ ಕರಾವಳಿ ಪಡುವಣಕ್ಕಿದೆ, ರೇಸ್ ಬೆಳಿಗ್ಗೆ. ಸಮುದ್ರದ ಒಳಗೆ ಹೋಗುವಾಗ ಬಿಸಿಲು ಬೆನ್ನಿಗೆ, ಎಲ್ಲ ಚೆನ್ನಾಗಿ ಕಾಣುತ್ತದೆ. ವಾಪಸ್ ದಡಕ್ಕೆ ತಿರುಗಿದರೆ ಅದೇ ಬಿಸಿಲು ನೇರ ಕಣ್ಣಿಗೆ. ಬೋಯ್ ಕಾಣೋದೇ ಇಲ್ಲ. ಅದಕ್ಕೇ ಹಿಂದಿನ ದಿನವೇ ದಡದಲ್ಲಿ ನಿಂತು, ಮುಗಿಯುವ ಜಾಗದ ಹಿಂದೆ ಎತ್ತರದ್ದು ಏನಿದೆ ಅಂತ ಗುರುತು ಮಾಡಿಕೊಳ್ಳಬೇಕು. ತೆಂಗಿನ ಮರ, ಹೋಟೆಲ್ಲು, ಮೊಬೈಲ್ ಟವರ್, ಏನಾದರೂ ಸರಿ. ಕಪ್ಪು ಛಾಯೆಯ ಗಾಗಲ್ಸ್ ತಗೊಳ್ಳಿ. ನನ್ನದು ಬಿಳಿ ಗಾಜು, ಅನುಭವಿಸಿದೆ.

ಹಾಗಾಗಿ ನಿಮಗೆ ಪೂಲ್‌ನದೇ ಮೊದಲು. ಸಮುದ್ರ ಎಲ್ಲಿಗೂ ಓಡಿ ಹೋಗಲ್ಲ.

ಉತ್ತರ (ಗದಗ ತಾಲೂಕು)

ತಂಗಿ, ನಾನು ಈಸು ಕಲಿತದ್ದು ನಮ್ಮ ಹೊಲದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನಮ್ಮ ಕಾಕಾ ಮೇಲಿಂದ ನೂಕಿಬಿಟ್ಟರು. ಬಾವಿಯಲ್ಲಿ ಕಾಲು ನಿಲುಕುವ ಕಡೆ ಅಂತ ಇರೋದೇ ಇಲ್ಲ. ಅದಕ್ಕೇ ನನಗೆ ಆಳದ ಅಂಜಿಕೆ ಇಲ್ಲ. 48ನೇ ವಯಸ್ಸಿಗೆ ಮೊದಲ ಸಲ ಸಮುದ್ರದಲ್ಲಿ ಇಳಿದಾಗಲೂ ಎದೆ ಹೊಡೆದುಕೊಳ್ಳಲಿಲ್ಲ. ಆದರೆ ಬಾವಿ ಈಸು ತಲೆ ಮೇಲೆತ್ತಿ ಈಸೋದು. ದಾರಿ ಚೆನ್ನಾಗಿ ಕಂಡಿತು, ಕುತ್ತಿಗೆ ಮಾತ್ರ ಎರಡು ದಿನ ತಿರುಗಲಿಲ್ಲ! ನನ್ನ ಮುಂದೆಯೇ ಹುಡುಗರು ತಲೆ ಮುಳುಗಿಸಿಕೊಂಡು ಸರ್ರನೆ ಹೋದರು. ಪೂಲ್ ಕಲಿಸೋದು ಬೇರೆ, ಬಾವಿ ಕಲಿಸೋದು ಬೇರೆ. ಸಮುದ್ರಕ್ಕೆ ಎರಡೂ ಬೇಕು.

ಉತ್ತರ (ಹುಬ್ಬಳ್ಳಿ, ಕೇಶ್ವಾಪುರ)

ಅಕ್ಕಾ, ಪೂಲ್ ಟ್ರಯಥ್ಲಾನ್ ಸುಲಭ ಅಂತ ಎಲ್ಲರೂ ಹೇಳ್ತಾರೆ. ಸುರಕ್ಷಿತ ಅನ್ನಿ, ಒಪ್ಪುತ್ತೇನೆ. ಆದರೆ ಅದಕ್ಕೂ ಅದರದೇ ತಲೆನೋವು ಇದೆ.

ನಾನು ಮಾಡಿದ್ದರಲ್ಲಿ ಒಬ್ಬೊಬ್ಬರನ್ನೇ 10 ಸೆಕೆಂಡಿಗೊಮ್ಮೆ ನೀರಿಗೆ ಬಿಟ್ಟರು. ಮೊದಲ ಲೇನ್‌ನಲ್ಲಿ ಹೋಗಿ, ಲೇನ್‌ಗಳ ನಡುವಿನ ಹಗ್ಗದ ಕೆಳಗೆ ನುಸುಳಿ, ಎರಡನೇ ಲೇನ್‌ನಲ್ಲಿ ವಾಪಸ್. ಹೀಗೇ ಕೊನೆಯ ಲೇನ್ ತನಕ. ಹೆಸರು ಕೊಡುವಾಗ ನಿಮ್ಮ ಟೈಮ್ ಎಷ್ಟು ಅಂತ ಕೇಳ್ತಾರೆ, ಅದರ ಮೇಲೆ ಸಾಲು ನಿಲ್ಲಿಸ್ತಾರೆ. ಎಲ್ಲರೂ ಸುಳ್ಳು ಬರೆಸಿರ್ತಾರೆ! ನನ್ನ ಮುಂದಿದ್ದವರು 15 ನಿಮಿಷ ಅಂತ ಬರೆಸಿದ್ದರು. ಅವರು ಹೋಗುತ್ತಿದ್ದ ಗತಿ ನೋಡಿದರೆ 25 ನಿಮಿಷ ಆಗೋದು. ದಾಟಬೇಕಾದರೆ ಅವರ ಪಾದ ಮೆಲ್ಲಗೆ ಮುಟ್ಟಬೇಕು, ಅವರು ಗೋಡೆ ಹತ್ತಿರ ನಿಂತು ದಾರಿ ಬಿಡಬೇಕು. ಅವರಿಗೆ ಅದು ಗೊತ್ತೇ ಇರಲಿಲ್ಲ, ಕಾಲು ಝಾಡಿಸಿದರು. ನೀವು ಮಾತ್ರ ಸುಳ್ಳು ಬರೆಸಬೇಡಿ. 24 ಅಂದರೆ 24.

ಇನ್ನೊಂದು ಬಗೆಯೂ ಇದೆ, ಒಂದೇ ಲೇನ್‌ನಲ್ಲಿ ಸುತ್ತುತ್ತಾ ಇರೋದು. ಅಲ್ಲಿ ಲೆಕ್ಕ ತಪ್ಪುತ್ತದೆ. ನಾನು ಒಂದ್ಸಲ 50 ಮೀಟರ್ ಜಾಸ್ತಿ ಈಜಿ ಎದ್ದೆ. ನನ್ನ ಗಂಡ ಗ್ಯಾಲರಿಯಿಂದ ಕೂಗುತ್ತಿದ್ದರಂತೆ, ಕ್ಯಾಪ್ ಒಳಗೆ ಏನು ಕೇಳುತ್ತೆ?

ಆದರೂ ಮೊದಲನೆಯದು ಪೂಲ್‌ನದೇ ಮಾಡಿ. ಒದ್ದೆ ಮೈಯಲ್ಲಿ ಓಡಿ ಬಂದು, ಹೆಲ್ಮೆಟ್ ಹಾಕಿ, ಸೈಕಲ್ ಹತ್ತೋದೇ ಮೊದಲ ಸಲ ಸಾಕಷ್ಟು ಗಲಿಬಿಲಿ. ಅದರ ಜೊತೆ ಸಮುದ್ರವೂ ಯಾಕೆ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಸಂದೇಹ. ನಮ್ಮ ಮಾವನವರ ಹೊಲ ರಾಣೆಬೆನ್ನೂರು ಹತ್ತಿರ ಇದೆ. ಅಲ್ಲಿ ದೊಡ್ಡ ಕೃಷಿ ಹೊಂಡ, ನೀರು ಸ್ವಚ್ಛ. ಅದರಲ್ಲಿ ಪ್ರಾಕ್ಟೀಸ್ ಮಾಡಿದರೆ? ಮತ್ತೆ ಸಮುದ್ರಕ್ಕೆ ವೆಟ್‌ಸೂಟ್ (ಮೈಗೆ ಅಂಟುವ ರಬ್ಬರ್ ಉಡುಪು) ಬೇಕಾ? ಬೆಲೆ ನೋಡಿ ಗಾಬರಿ ಆಯ್ತು.

ಉತ್ತರ (ಗದಗ ತಾಲೂಕು)

ತಂಗಿ, ಆ ಹೊಂಡದ ಸುದ್ದಿಗೇ ಹೋಗಬೇಡ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಆಗಿದ್ದರೆ ಅಂತೂ ಸಾಯೋ ಮಾತು. ಇಳಿಜಾರು ದಂಡೆ, ಒದ್ದೆ ಹಾಳೆ, ಮೇಲೆ ಪಾಚಿ. ಹಿಡಿಯಲು ಏನೂ ಸಿಗೋದಿಲ್ಲ. ಈಸು ಬಂದವರೂ ಮೇಲೆ ಹತ್ತಲಾಗದೆ ಸೋತು ಮುಳುಗಿದ್ದಾರೆ. ಇಳಿದವರನ್ನು ಹಿಡಿಯಲು ಹೋದವರೂ ಹೋಗಿದ್ದಾರೆ. ನಮ್ಮ ಹೊಂಡಕ್ಕೆ ನಾನು ತಂತಿ ಬೇಲಿ ಹಾಕಿಸಿ, ಗೂಟಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟಿದ್ದೇನೆ. ನಿಮ್ಮ ಮಾವನವರಿಗೂ ಅದನ್ನೇ ಹೇಳು.

ಉತ್ತರ (ಹಾವೇರಿಯವ, ಈಗ ಕಾರವಾರದಲ್ಲಿ ಕೆಲಸ)

ವೆಟ್‌ಸೂಟ್ ಬೇಡ ಮೇಡಂ, ದುಡ್ಡು ಉಳಿಸಿ. ಅದು ತಣ್ಣೀರಿನ ದೇಶದವರ ಬಟ್ಟೆ. ಐರನ್‌ಮ್ಯಾನ್ ಅನ್ನೋ ಉದ್ದದ ಟ್ರಯಥ್ಲಾನ್‌ಗಳ ನಿಯಮದಲ್ಲಿ ನೀರು 24.5 ಡಿಗ್ರಿಗಿಂತ ಬೆಚ್ಚಗಿದ್ದರೆ ವೆಟ್‌ಸೂಟ್ ಹಾಕಿದವರಿಗೆ ಬಹುಮಾನದ ಸ್ಥಾನ ಇಲ್ಲ. ನಮ್ಮ ಸಮುದ್ರ 28 ಡಿಗ್ರಿ ಆಸುಪಾಸು ಇರುತ್ತದೆ. ಹಾಕಿಕೊಂಡರೆ ಒಳಗೇ ಬೆಂದು ಹೋಗ್ತೀರಿ. ಉಪ್ಪು ನೀರು ತಾನೇ ಸ್ವಲ್ಪ ಎತ್ತಿ ಹಿಡಿಯುತ್ತದೆ, ಕಾಲುಗಳು ಪೂಲ್‌ನಲ್ಲಿ ಮುಳುಗುವಷ್ಟು ಮುಳುಗಲ್ಲ. ಆದರೆ ಅದೇ ಉಪ್ಪು ಕತ್ತು, ಕಂಕುಳಲ್ಲಿ ಉಜ್ಜಿ ಗಾಯ ಮಾಡುತ್ತದೆ. ಮೊದಲೇ ವ್ಯಾಸಲೀನ್ ಹಚ್ಚಿ. ಹಚ್ಚಿದ ಕೈಯಲ್ಲಿ ಗಾಗಲ್ಸ್ ಮುಟ್ಟಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಸಮುದ್ರದ ಹತ್ತಿರ ಸುಳಿಯಬೇಡಿ. ಮಳೆಗಾಲ ಮುಗಿದು ಅಲೆ ಇಳಿದ ಮೇಲೆ, ನವೆಂಬರ್ ಆಮೇಲೆ, ಒಂದು ಶನಿವಾರ ಅರಬೈಲ್ ಘಟ್ಟ ಇಳಿದು ಇಲ್ಲಿಗೆ ಬನ್ನಿ. ಟಾಗೋರ್ ಬೀಚಿನಲ್ಲಿ ಬೆಳಿಗ್ಗೆ ಬೇಗ ಇಳಿಯೋಣ. ಒಬ್ಬರೇ ಬೇಡ, ಲೈಫ್‌ಗಾರ್ಡ್‌ಗೆ ಹೇಳಿಯೇ ಇಳಿಯೋದು. ಸೊಂಟಕ್ಕೆ ಕಟ್ಟಿಕೊಳ್ಳುವ ಕೇಸರಿ ಬಣ್ಣದ ಗಾಳಿಚೀಲ ಸಿಗುತ್ತದೆ. ದೂರದಿಂದ ಕಾಣುತ್ತದೆ, ದಣಿದರೆ ಹಿಡಿದು ತೇಲಬಹುದು. ಒಳಗೆ ಹೋಗೋದು ಬೇಡ, ದಡದ ಗುಂಟ ಈಜಬೇಕು. ಎದೆಮಟ್ಟದ ನೀರು ಸಾಕು. ಕಾಳಿ ನದಿ ಸಮುದ್ರ ಸೇರುವ ಕಡೆ ಸೆಳೆತ ಇರುತ್ತದೆ, ಆ ಕಡೆ ಬೇಡ. ಒಂದೊಂದ್ಸಲ ಜೆಲ್ಲಿ ಮೀನು ತಾಗುತ್ತದೆ, ಚುರ್ ಅನ್ನುತ್ತದೆ. ತಾಗಿದ ಜಾಗ ಉಜ್ಜಬೇಡಿ, ಹೊರಗೆ ಬಂದು ಲೈಫ್‌ಗಾರ್ಡ್‌ಗೆ ತೋರಿಸಿ.

ಅಲ್ಲಿಯ ತನಕ ಹುಬ್ಬಳ್ಳಿ ಪೂಲ್‌ನಲ್ಲೇ ಸಮುದ್ರದ ತಯಾರಿ ಮಾಡಬಹುದು. ಗೋಡೆಗೆ ಎರಡು ಮೀಟರ್ ಇರುವಾಗಲೇ ತಿರುಗಿ, ಮುಟ್ಟಬೇಡಿ, ಒದೆಯಬೇಡಿ. ಎಂಟು ಸಲ ಕೈ ಹೊಡೆದು ಒಮ್ಮೆ ತಲೆ ಎತ್ತಿ ಮುಂದೆ ನೋಡಿ. ಪೂರ್ತಿ ತಲೆ ಅಲ್ಲ, ಮೊಸಳೆಯ ಹಾಗೆ ಕಣ್ಣಷ್ಟೇ. (ಮೊಸಳೆ ಅಂದೆ ಅಂತ ದಾಂಡೇಲಿಯಲ್ಲಿ ಕಾಳಿಗೆ ಇಳಿಯಬೇಡಿ, ಅಲ್ಲಿ ನಿಜವಾದವೇ ಇವೆ.) ಲೇನ್ ಖಾಲಿ ಇದ್ದಾಗ ಕಣ್ಣು ಮುಚ್ಚಿ ಆರು ಸಲ ಕೈ ಹೊಡೆಯಿರಿ, ಯಾವ ಕಡೆ ವಾಲುತ್ತೀರಿ ಗೊತ್ತಾಗುತ್ತದೆ. ಗೆಳತಿಯರಿದ್ದರೆ ಮೂವರು ಒಂದೇ ಲೇನ್‌ನಲ್ಲಿ ಒತ್ತಿಕೊಂಡು ಈಜಿ. ಕೈ ತಾಗಲಿ, ಕಾಲು ತಾಗಲಿ, ಬೈದುಕೊಳ್ಳಿ. ಎಡಕ್ಕೂ ಬಲಕ್ಕೂ ಉಸಿರು ತಗೊಳ್ಳೋದು ಕಲಿಯಿರಿ. ಅಲೆ ಬಲಗಡೆಯಿಂದ ಬಂದು ನಿಮಗೆ ಬಲಗಡೆ ಮಾತ್ರ ಉಸಿರು ಬಂದರೆ, ಪ್ರತಿ ಸಲ ಒಂದು ಗುಟುಕು ಉಪ್ಪುನೀರು.

ಉತ್ತರ (ಹುಬ್ಬಳ್ಳಿ, ಗೋಕುಲ ರೋಡ್)

ನನ್ನದು ಬೇರೆ ಅಭಿಪ್ರಾಯ. ಸುಮ್ನೆ ಹೆದರಿಸ್ತಾ ಇದ್ದೀರಿ. ನಾನು ನೇರವಾಗಿ ಗೋವಾದ ಐರನ್‌ಮ್ಯಾನ್ 70.3ರಲ್ಲೇ, ಅಂದರೆ ಅರ್ಧ ಐರನ್‌ಮ್ಯಾನ್‌ನಲ್ಲೇ ಇಳಿದೆ. 1.9 ಕಿ.ಮೀ. ಸಮುದ್ರ, 1 ಗಂಟೆ 10 ನಿಮಿಷದ ಗಡುವು. ಮುಗಿಸಿದೆ. ದೋಣಿಗಳು ಇರುತ್ತವೆ, ಲೈಫ್‌ಗಾರ್ಡ್ ಇರುತ್ತಾರೆ. ಮುಂದಿನವರ ಕಾಲಿನ ಹಿಂದೆಯೇ ಹೋದರೆ ನೀರು ಹಗುರ, ದಾರಿಯೂ ಅವರೇ ನೋಡ್ತಾರೆ. ಪೂಲ್‌ನದು ಮಾಡ್ತಾ ಕೂತರೆ ಅಲ್ಲೇ ಉಳಿದುಬಿಡ್ತೀರಿ.

ಉತ್ತರ (ಧಾರವಾಡ, ಸಪ್ತಾಪುರ)

ಗೋಕುಲ ರೋಡ್ ಅಣ್ಣಾ, ಅದಕ್ಕೆ ಮೊದಲು ನೀವು ಎಷ್ಟು ವರ್ಷ ಈಜಿದ್ದಿರಿ, ಅದನ್ನೂ ಬರೆಯಿರಿ. ಮುಂದಿನವರ ಕಾಲಿನ ಹಿಂದೆ ಹೋಗೋದು ಒಳ್ಳೇ ಉಪಾಯ, ನಿಯಮವೂ ಬಿಡುತ್ತದೆ. ನಾನೂ ಹೋಗಿದ್ದೆ. ಮುಂದಿನವನೂ ನನ್ನಂಥವನೇ, ಇಬ್ಬರೂ ಸೇರಿ ದಾರಿ ತಪ್ಪಿದೆವು.

ಉತ್ತರ (ಹುಬ್ಬಳ್ಳಿ, ಗೋಕುಲ ರೋಡ್)

ಶಾಲೆಯಲ್ಲಿದ್ದಾಗಿಂದ ಈಜುತ್ತಿದ್ದೆ. ಸರಿ, ಒಪ್ಪಿದೆ.

ಪ್ರಶ್ನೆ ಕೇಳಿದವರು

ನಿನ್ನೆ ಸಂಜೆ ಪೂಲ್‌ನಲ್ಲಿ ಗೋಡೆ ಮುಟ್ಟದೆ ತಿರುಗಿ ನೋಡಿದೆ. ಎಂಟನೇ ಸಲಕ್ಕೇ ಉಸಿರು ಕಟ್ಟಿ ಹಗ್ಗ ಹಿಡಿದು ನಿಂತೆ. ಅಂದರೆ 200 ಮೀಟರ್ ಕೂಡ ಆಗಿರಲಿಲ್ಲ. ಕಣ್ಣು ಮುಚ್ಚಿ ಈಜಿದರೆ ಪ್ರತಿ ಸಲ ಎಡಕ್ಕೇ ಹೋಗಿ ಹಗ್ಗಕ್ಕೆ ಬಡಿಯುತ್ತಿದ್ದೆ. ಕೋಚ್ "ಏನ್ರೀ ಮೇಡಂ, ಹುಷಾರಿಲ್ವಾ?" ಅಂತ ಕೇಳಿದರು.

ಪೂಲ್‌ನ ಟ್ರಯಥ್ಲಾನ್‌ಗೆ ಹೆಸರು ಕೊಟ್ಟೆ. ಟೈಮ್ 26 ನಿಮಿಷ ಅಂತ ಬರೆಸಿದ್ದೇನೆ. ಗೆಳತಿಯರ ಜೊತೆ ಕರಾವಳಿಗೂ ಹೋಗ್ತೀನಿ, ಅವರ ಸೈಕಲ್ ಕಾಯೋಕೆ. ಆಮೇಲೆ ನವೆಂಬರ್ ಕೊನೆಯ ಶನಿವಾರ ಕಾರವಾರ. ನನ್ನ ಕಾರಿನಲ್ಲಿ ಎರಡು ಸೀಟು ಖಾಲಿ ಇವೆ, ಬೆಳಗಿನ ಜಾವ ಮೂರಕ್ಕೆ ಬಿಡೋದು. ಬರೋರಿದ್ದರೆ ಇಲ್ಲೇ ಹೇಳಿ.